ಟ್ಯಾಬ್ಲೆಟ್‌ನಲ್ಲಿ ಎಳೆದ ದಾರಿ ಪ್ಯಾನೆಲ್‌ಗೆ ಹೋಗುವಾಗ: ಸಣ್ಣ ವಿಮಾನ ಹಾರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಏರ್‌ಪೋರ್ಟ್‌ನಿಂದ ನಾನು ವಾರಾಂತ್ಯಗಳಲ್ಲಿ ಬಾಡಿಗೆ ಸೆಸ್ನಾ 172 ಹಾರಿಸುತ್ತೇನೆ. ಲೈಸೆನ್ಸ್ ಪಡೆಯಲು ಇಲ್ಲಿಗೆ ಬರುವ ಕನ್ನಡದ ಹುಡುಗರು, ಹುಡುಗಿಯರು, ಜಕ್ಕೂರಿನಲ್ಲಿ ಕಲಿಯುತ್ತಿರುವವರು, ಬೆಂಗಳೂರಿನ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಬರೆಯುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಬಳಸುವುದು ಐಪ್ಯಾಡ್, ಅದರಲ್ಲಿ ದಾರಿ, ಹಾರಾಟದ ನಕ್ಷೆ (ಚಾರ್ಟ್), ಹವಾಮಾನ ತೋರಿಸುವ ಫೋರ್‌ಫ್ಲೈಟ್ ಆ್ಯಪ್, ವಿಮಾನದಲ್ಲಿ ಗಾರ್ಮಿನ್ ಕಂಪನಿಯ ಪ್ಯಾನೆಲ್. ನಿಯಮಗಳು ಅಮೆರಿಕದವು. ಭಾರತದ ವಿಷಯ ಕೊನೆಯ ಹತ್ತಿರ ಬರುತ್ತದೆ.

ಟ್ಯಾಬ್ಲೆಟನ್ನು ಪ್ಯಾನೆಲ್‌ಗೆ ಜೋಡಿಸುವುದು ಅಂದರೆ ಏನು?

ಪ್ಯಾನೆಲ್ ಅಂದರೆ ವಿಮಾನದಲ್ಲೇ ಕೂರಿಸಿರುವ ಪರದೆಗಳು, ಜಿಪಿಎಸ್, ರೇಡಿಯೊ. ಟ್ಯಾಬ್ಲೆಟ್ ನಿಮ್ಮದು, ಮನೆಯಿಂದ ತಂದದ್ದು. ಇವೆರಡೂ ಬ್ಲೂಟೂತ್ ಅಥವಾ ವೈ-ಫೈ ಮೂಲಕ ಮಾತಾಡಿಕೊಳ್ಳುತ್ತವೆ. ಪ್ಯಾನೆಲ್ ಕಡೆಯಿಂದ ವಿಮಾನ ಇರುವ ಜಾಗ, ವೇಗ, ಎತ್ತರ, ಸುತ್ತಲಿನ ವಿಮಾನಗಳು, ಹವಾಮಾನ ಇವೆಲ್ಲ ಟ್ಯಾಬ್ಲೆಟ್‌ಗೆ ಬರುತ್ತವೆ. ಟ್ಯಾಬ್ಲೆಟ್ ಕಡೆಯಿಂದ ಹೋಗುವುದು ಮುಖ್ಯವಾಗಿ ಒಂದೇ: ನೀವು ಹಾಕಿದ ದಾರಿ, ಅಂದರೆ ಫ್ಲೈಟ್ ಪ್ಲಾನ್.

ಆ ದಾರಿ ಹೋದ ಕೂಡಲೇ ವಿಮಾನ ಆ ಕಡೆ ತಿರುಗುವುದಿಲ್ಲ. ಪ್ಯಾನೆಲ್‌ನಲ್ಲಿ 'ಒಂದು ಫ್ಲೈಟ್ ಪ್ಲಾನ್ ಬಂದಿದೆ, ನೋಡಿ' ಅನ್ನುವ ಸೂಚನೆ ಕಾಣುತ್ತದೆ. ನೀವು ಅದನ್ನು ತೆರೆದು, ನೋಡಿ, ಒಪ್ಪಿದ ಮೇಲೆಯೇ ಅದು ಜಾರಿಗೆ ಬರುತ್ತದೆ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಪ್ಪುವ ಹೊತ್ತಿನ ಬಗ್ಗೆಯೇ ಇದೆ.

ಪ್ಯಾನೆಲ್‌ನಲ್ಲೇ ನೇರವಾಗಿ ಹಾಕಿದರೆ ಆಗಲ್ವಾ?

ಖಂಡಿತ ಆಗುತ್ತದೆ. ಕಲಿಯುವವರು ಮೊದಲು ಅದನ್ನೇ ಕಲಿಯಬೇಕು. ಆದರೆ 172ರ ಜಿ1000 ಅನ್ನುವ ಗಾರ್ಮಿನ್ ಪ್ಯಾನೆಲ್‌ನಲ್ಲಿ ಕೀಬೋರ್ಡ್ ಇಲ್ಲ. ಒಂದು ನಾಬ್ ಒಳಗೆ ಇನ್ನೊಂದು ನಾಬ್. ಹೊರಗಿನದನ್ನು ತಿರುಗಿಸಿದರೆ ಅಕ್ಷರದ ಜಾಗ ಮುಂದಕ್ಕೆ ಹೋಗುತ್ತದೆ, ಒಳಗಿನದನ್ನು ತಿರುಗಿಸಿದರೆ ಅಕ್ಷರ ಬದಲಾಗುತ್ತದೆ. ಸ್ಯಾಂಟಾ ಬಾರ್ಬರಾ ಏರ್‌ಪೋರ್ಟ್ ಹಾಕಬೇಕಾದರೆ ಅದರ ಕೋಡನ್ನು ಕೆ, ಎಸ್, ಬಿ, ಎ ಅಂತ ಒಂದೊಂದಾಗಿ ತಿರುಗಿಸುತ್ತಾ ಕೂರಬೇಕು. ದಾರಿಯಲ್ಲಿ ಏಳೆಂಟು ವೇಪಾಯಿಂಟ್ (ದಾರಿಯ ಮೇಲಿನ ಹೆಸರಿಟ್ಟ ಚುಕ್ಕೆ) ಇದ್ದರೆ, ಅದೂ ಗಾಳಿ ಕುಲುಕುತ್ತಿದ್ದರೆ, ತಲೆ ತಗ್ಗಿಸಿಕೊಂಡು ಕೂರುವ ಹೊತ್ತು ತುಂಬಾ ಜಾಸ್ತಿಯಾಗುತ್ತದೆ. ಟ್ಯಾಬ್ಲೆಟ್‌ನಲ್ಲಾದರೆ ದಾರಿಯ ಗೆರೆಯನ್ನು ಬೆರಳಿನಿಂದ ಹಿಡಿದು ಎಳೆದು ಬೇಕಾದ ಕಡೆ ಬಿಡಬಹುದು.

ನನ್ನ ಪದ್ಧತಿ ಹೀಗಿದೆ. ಒಂದೇ ಒಂದು ಜಾಗಕ್ಕೆ ನೇರ ಹೋಗಬೇಕಿದ್ದರೆ ಪ್ಯಾನೆಲ್‌ನ ಡೈರೆಕ್ಟ್-ಟು ಬಟನ್ ಒತ್ತುತ್ತೇನೆ. ಅದಕ್ಕಿಂತ ಬೇಗ ಆಗುವುದು ಬೇರೆ ಇಲ್ಲ. ಎರಡು ಮೂರು ದಾರಿಗಳನ್ನು ಹೋಲಿಸಿ ನೋಡಬೇಕಿದ್ದರೆ, ಅಥವಾ ತುಂಬಾ ವೇಪಾಯಿಂಟ್ ಇದ್ದರೆ, ಟ್ಯಾಬ್ಲೆಟ್ ಕೈಗೆತ್ತಿಕೊಳ್ಳುತ್ತೇನೆ.

ಏನೇನು ಸಾಮಾನು ಬೇಕು?

ವಿಮಾನದಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಗಾರ್ಮಿನ್ ಪ್ಯಾನೆಲ್‌ಗೆ ಫ್ಲೈಟ್ ಸ್ಟ್ರೀಮ್ 510 ಅಂತ ಒಂದು ಸಣ್ಣ ಕಾರ್ಡ್ ಬರುತ್ತದೆ. ನೋಡಲು ಕ್ಯಾಮೆರಾದ ಮೆಮೊರಿ ಕಾರ್ಡ್ ಹಾಗೆಯೇ. ಜಿಟಿಎನ್ 650, 750 ಮತ್ತು ಜಿ1000 ಎನ್‌ಎಕ್ಸ್‌ಐ ಪ್ಯಾನೆಲ್‌ಗಳ ಕಾರ್ಡ್ ಸ್ಲಾಟ್‌ನಲ್ಲಿ ಅದನ್ನು ಹಾಕುತ್ತಾರೆ. ಒಳಗೇ ವೈ-ಫೈ, ಬ್ಲೂಟೂತ್ ಎರಡೂ ಇವೆ. ಅದಕ್ಕಿಂತ ಹಳೆಯದು ಫ್ಲೈಟ್ ಸ್ಟ್ರೀಮ್ 210, ಅದು ಪ್ಯಾನೆಲ್ ಹಿಂದೆ ಕೂರುವ ಡಬ್ಬಿ. ಅವಿಡೈನ್ ಕಂಪನಿಯ ಐಎಫ್‌ಡಿ 540, 440ರಲ್ಲಿ ಈ ಸೌಲಭ್ಯ ಒಳಗೇ ಇದೆ.

ಗಾರ್ಮಿನ್ ಜಿಟಿಎಕ್ಸ್ 345 ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ಸಾಧನ) ಕೂಡ ಬ್ಲೂಟೂತ್‌ನಲ್ಲಿ ಟ್ಯಾಬ್ಲೆಟ್‌ಗೆ ಹವಾಮಾನ, ಟ್ರಾಫಿಕ್, ಜಾಗ ಎಲ್ಲ ಕಳಿಸುತ್ತದೆ. ಸೆಂಟ್ರಿ, ಸ್ಟ್ರೇಟಸ್ ತರಹದ, ಕಿಟಕಿಗೆ ಅಂಟಿಸುವ ರಿಸೀವರ್‌ಗಳೂ ಇವನ್ನು ಕೊಡುತ್ತವೆ, ಆದರೆ ಅವಕ್ಕೆ ವಿಮಾನದ ಪ್ಯಾನೆಲ್ ಜೊತೆ ನಂಟಿಲ್ಲ. ಹವಾಮಾನ ಬಂತು ಅಂದ ಮಾತ್ರಕ್ಕೆ ದಾರಿಯೂ ಪ್ಯಾನೆಲ್‌ಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಬಾಡಿಗೆಗೆ ತೆಗೆದುಕೊಳ್ಳುವ ಮೊದಲು 'ಈ ವಿಮಾನದಲ್ಲಿ ಫ್ಲೈಟ್ ಪ್ಲಾನ್ ಕಳಿಸಬಹುದಾ?' ಅಂತಲೇ ಬಿಡಿಸಿ ಕೇಳಿ.

ಐಪ್ಯಾಡೇ ಆಗಬೇಕಾ?

ಫೋರ್‌ಫ್ಲೈಟ್ ಬೇಕೆಂದರೆ ಐಪ್ಯಾಡ್ ಅಥವಾ ಐಫೋನ್ ಬೇಕು. ಗಾರ್ಮಿನ್ ಪೈಲಟ್ ಆ್ಯಪ್ ಆ್ಯಂಡ್ರಾಯ್ಡ್‌ನಲ್ಲೂ ಇದೆ. ಐಪ್ಯಾಡ್ ಕೊಳ್ಳುವುದಾದರೆ ಒಂದು ಮಾತು: ಬರೀ ವೈ-ಫೈ ಇರುವ ಮಾದರಿಯಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ, ಸಿಮ್ ಸೌಲಭ್ಯ ಇರುವ ಮಾದರಿಯಲ್ಲಿ ಇರುತ್ತದೆ. ಸಿಮ್ ಹಾಕದಿದ್ದರೂ ಪರವಾಗಿಲ್ಲ, ಆ ಮಾದರಿಯನ್ನೇ ಕೊಳ್ಳಿ. ಪ್ಯಾನೆಲ್ ಜೊತೆಗಿನ ಸಂಪರ್ಕ ಕಡಿದು ಹೋದಾಗ ನಕ್ಷೆಯ ಮೇಲೆ ನಿಮ್ಮ ವಿಮಾನ ಉಳಿಯುವುದು ಅದರಿಂದಲೇ.

ಮೊದಲ ಸಲ ಪೇರ್ ಮಾಡುವುದು ಹೇಗೆ?

ನೆಲದ ಮೇಲೆ, ಅವಸರ ಇಲ್ಲದಾಗ. ಪ್ಯಾನೆಲ್‌ನ ಕನೆಕ್ಸ್ಟ್ (ಗಾರ್ಮಿನ್‌ನ ವೈರ್‌ಲೆಸ್ ಜೋಡಣೆ) ಸೆಟಪ್ ಪುಟಕ್ಕೆ ಹೋಗಿ ಪೇರಿಂಗ್ ಆನ್ ಮಾಡಿ. ಐಪ್ಯಾಡ್‌ನ ಬ್ಲೂಟೂತ್ ಪಟ್ಟಿಯಲ್ಲಿ ವಿಮಾನದ ಹೆಸರು ಬಂದಾಗ ಆರಿಸಿ. ಎರಡೂ ಕಡೆ ಒಂದೇ ಸಂಖ್ಯೆ ಕಂಡರೆ ಒಪ್ಪಿ. ಆಮೇಲೆ ಆ್ಯಪ್‌ನ ಡಿವೈಸಸ್ ಪುಟದಲ್ಲಿ ಸಂಪರ್ಕ ಆಗಿದೆಯೇ ನೋಡಿ. ಕ್ಲಬ್ಬಿನ ವಿಮಾನಗಳಲ್ಲಿ ಹಿಂದೆ ಹಾರಿಸಿದವರ ಟ್ಯಾಬ್ಲೆಟ್‌ಗಳ ಹೆಸರು ಉದ್ದಕ್ಕೆ ಇರುತ್ತದೆ. ಪಟ್ಟಿ ತುಂಬಿದ್ದರೆ ಕ್ಲಬ್ಬಿನವರನ್ನು ಕೇಳಿ ಹಳೆಯವನ್ನು ಅಳಿಸಿ.

ಆಕಾಶದಲ್ಲಿ ದಾರಿ ಬದಲಿಸಬೇಕಾಗಿ ಬಂದರೆ ಯಾವ ಕ್ರಮದಲ್ಲಿ ಮಾಡಬೇಕು?

ಒಂದು ಹಾರಾಟವನ್ನೇ ಹೇಳುತ್ತೇನೆ. ಲಿವರ್‌ಮೋರ್‌ನಿಂದ ಮಾಂಟರೆಗೆ ಹೊರಟಿದ್ದೆ, ಕಣ್ಣಿಗೆ ಕಾಣುವ ದಾರಿಯಲ್ಲಿ, ಅಂದರೆ ವಿಎಫ್‌ಆರ್. ಬೇಸಿಗೆಯ ಬೆಳಗ್ಗೆ. ಇಲ್ಲಿನ ಕರಾವಳಿಯಲ್ಲಿ ಆ ಹೊತ್ತಿಗೆ ಸಮುದ್ರದಿಂದ ತಗ್ಗು ಮೋಡ ಬಂದು ಕೂರುವುದು ದಿನನಿತ್ಯದ ಮಾತು. ಹೊರಡುವಾಗಿನ ಅಂದಾಜಿನ ಪ್ರಕಾರ 10 ಗಂಟೆಗೆಲ್ಲ ಬಿಡಬೇಕಿತ್ತು. ಗಿಲ್ರಾಯ್ ಮೇಲೆ ಬಂದಾಗ ಟ್ಯಾಬ್ಲೆಟ್‌ನಲ್ಲಿ ಮಾಂಟರೆಯ ಚುಕ್ಕೆ ಇನ್ನೂ ಕೆಂಪು. ಮುಟ್ಟಿ ನೋಡಿದರೆ ಮೋಡದ ತಳ 600 ಅಡಿ. ಎದುರಿಗೆ, ದೂರದಲ್ಲಿ, ಹತ್ತಿ ಹಾಸಿದ ಹಾಗೆ ಬೆಳ್ಳಗಿನ ಪದರ.

ಮೊದಲು ಮಾಡಿದ್ದು ಟ್ಯಾಬ್ಲೆಟ್ ಕೆಲಸ ಅಲ್ಲ. ಆಟೋಪೈಲಟನ್ನು ಹೆಡಿಂಗ್ ಮೋಡ್‌ಗೆ, ಅಂದರೆ ನಾನು ಇಟ್ಟ ದಿಕ್ಕನ್ನೇ ಹಿಡಿಯುವ ಮೋಡ್‌ಗೆ ಹಾಕಿದೆ. ಎತ್ತರ ಹಿಡಿದಿದೆಯೇ ನೋಡಿದೆ. ಹೊರಗೆ ಒಂದು ಸುತ್ತು ಕಣ್ಣಾಡಿಸಿದೆ. ಆಮೇಲೆ ಟ್ಯಾಬ್ಲೆಟ್‌ನಲ್ಲಿ ಹತ್ತಿರದ ಮೂರು ಜಾಗಗಳನ್ನು ಮುಟ್ಟಿ ನೋಡಿದೆ. ವಾಟ್ಸನ್‌ವಿಲ್ ಸಮುದ್ರಕ್ಕೆ ಅಂಟಿಕೊಂಡಿದೆ, ಅಲ್ಲೂ ಮೋಡ. ಸಲೀನಾಸ್ ಸ್ವಲ್ಪ ಒಳಗೆ, ಆದರೆ ಆ ಕಣಿವೆ ಕೊಲ್ಲಿಯ ಕಡೆಗೇ ಬಾಯಿ ತೆರೆದುಕೊಂಡಿದೆ, ಮೋಡ ನುಗ್ಗಿರುತ್ತದೆ. ಹಾಲಿಸ್ಟರ್ ಬೆಟ್ಟದ ಈಚೆ ಇದೆ, ಆಕಾಶ ತಿಳಿಯಾಗಿತ್ತು. ಸುಮಾರು 10 ನಾಟಿಕಲ್ ಮೈಲಿ. ಉದ್ದದ ರನ್‌ವೇ 6,000 ಅಡಿಗಿಂತ ಜಾಸ್ತಿ. ಟವರ್ ಇಲ್ಲ, ಅಂದರೆ ನಮ್ಮ ನಮ್ಮಲ್ಲೇ ರೇಡಿಯೊದಲ್ಲಿ ಹೇಳಿಕೊಂಡು ಇಳಿಯಬೇಕು.

ಇಷ್ಟನ್ನು ಟ್ಯಾಬ್ಲೆಟ್‌ನಿಂದ ತಿಳಿದುಕೊಂಡೆ. ಹಾಲಿಸ್ಟರ್ ಒಂದೇ ಜಾಗವಾದ್ದರಿಂದ ಪ್ಯಾನೆಲ್‌ನಲ್ಲೇ ಡೈರೆಕ್ಟ್-ಟು ಒತ್ತಿದೆ. ಹೊಸ ಗೆರೆ ಟ್ಯಾಬ್ಲೆಟ್‌ಗೆ ವಾಪಸ್ ಬಂತು. ಆ ಪ್ರದೇಶದ ಕಂಟ್ರೋಲರ್‌ಗಳಾದ ನಾರ್‌ಕ್ಯಾಲ್ ಅಪ್ರೋಚ್‌ನವರಿಗೆ ಹೇಳಿದೆ. ಹಾಲಿಸ್ಟರ್‌ನಲ್ಲಿ ಇಳಿದು ಎರಡು ಗಂಟೆ ಕಾದು, ಮೋಡ ಸರಿದ ಮೇಲೆ ಮಾಂಟರೆಗೆ ಹೋದೆವು. ಕರೆದುಕೊಂಡು ಹೋಗಿದ್ದ ಅತ್ತೆಯವರು ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ಅಲ್ಲೇ ಖಾಲಿಯಾಯಿತು.

ದೊಡ್ಡ ಬದಲಾವಣೆಗೂ ಇದೇ ಕ್ರಮ. ಮೊದಲು ವಿಮಾನ ಸ್ಥಿರವಾಗಿರಬೇಕು. ಆಮೇಲೆ ಯೋಚನೆ, ಆಮೇಲೆ ಕಳಿಸುವುದು, ಆಮೇಲೆ ಪ್ಯಾನೆಲ್‌ನಲ್ಲಿ ಓದುವುದು, ಓದಿದ ಮೇಲೆ ಒಪ್ಪುವುದು.

ಒಪ್ಪುವ ಮೊದಲು ಪ್ಯಾನೆಲ್‌ನಲ್ಲಿ ಏನೇನು ನೋಡಬೇಕು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆದರೆ ಇದನ್ನು ಕೇಳುವವರೇ ಕಡಿಮೆ.

1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ನಗರದ ಹತ್ತಿರ ಅಮೆರಿಕನ್ ಏರ್‌ಲೈನ್ಸ್‌ನ ಫ್ಲೈಟ್ 965 ಬೆಟ್ಟಕ್ಕೆ ಬಡಿಯಿತು. ಅದು ಬೋಯಿಂಗ್ 757. 159 ಜನ ತೀರಿಕೊಂಡರು, 4 ಜನ ಉಳಿದರು. ಪೈಲಟ್‌ಗಳು ಹೋಗಬೇಕಿದ್ದದ್ದು ರೋಜೊ ಅನ್ನುವ ರೇಡಿಯೊ ಬೀಕನ್‌ಗೆ. ಚಾರ್ಟ್‌ನಲ್ಲಿ ಅದರ ಗುರುತು 'ಆರ್'. ಕಂಪ್ಯೂಟರ್‌ನಲ್ಲಿ 'ಆರ್' ಒತ್ತಿ ಬಂದ ಪಟ್ಟಿಯಲ್ಲಿ ಮೊದಲನೆಯದನ್ನು ಆರಿಸಿದರು. ಅದು ಬೊಗೋಟಾ ಹತ್ತಿರದ ರೋಮಿಯೊ ಬೀಕನ್ ಆಗಿತ್ತು. ರಾತ್ರಿ, ಇಳಿಯುತ್ತಿದ್ದ ವಿಮಾನ ಎಡಕ್ಕೆ, ಪೂರ್ವದ ಬೆಟ್ಟಗಳ ಕಡೆಗೆ ತಿರುಗಿತು. ಆಗ ಟ್ಯಾಬ್ಲೆಟ್ ಇರಲಿಲ್ಲ. ಆದರೆ ಒಂದು ಹೆಸರನ್ನು ಸರಿಯಾಗಿ ನೋಡದೆ ಒಪ್ಪಿದರೆ ಏನಾಗಬಹುದು ಅನ್ನುವುದು ಇವತ್ತಿಗೂ ಬದಲಾಗಿಲ್ಲ. ನನ್ನ ಇನ್‌ಸ್ಟ್ರಕ್ಟರ್ ಮೊದಲ ದಿನವೇ ಇದನ್ನು ಹೇಳಿದ್ದರು. ನಾನೂ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ನಾನು ನೋಡುವುದು ಇಷ್ಟು. ವೇಪಾಯಿಂಟ್‌ಗಳ ಹೆಸರನ್ನು ಮೇಲಿಂದ ಕೆಳಕ್ಕೆ ಬಾಯಿಬಿಟ್ಟು ಓದುತ್ತೇನೆ, ಮನಸ್ಸಿನಲ್ಲಿ ಅಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಟ್ಯಾಬ್ಲೆಟನ್ನು ಅವರ ಕೈಗೆ ಕೊಟ್ಟು ಒಂದೊಂದನ್ನೂ ಹೊಂದಿಸಿ ನೋಡಲು ಹೇಳುತ್ತೇನೆ. ಆಮೇಲೆ ಒಟ್ಟು ದೂರ. ಟ್ಯಾಬ್ಲೆಟ್‌ನಲ್ಲಿ 142 ಮೈಲಿ ಇದ್ದು ಪ್ಯಾನೆಲ್‌ನಲ್ಲಿ 390 ಬಂದರೆ ಎಲ್ಲೋ ಒಂದು ಚುಕ್ಕೆ ಬೇರೆ ರಾಜ್ಯದ್ದು ಅಂತಲೇ ಅರ್ಥ. ಕೊನೆಗೆ, ಈಗ ಹಿಡಿಯಬೇಕಾದ ಮೊದಲ ತುಂಡಿನ ದಿಕ್ಕು. ವಿಮಾನ ದಕ್ಷಿಣಕ್ಕೆ ಹೋಗುತ್ತಿದ್ದು ಹೊಸ ದಾರಿ 020 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಉತ್ತರಕ್ಕೆ ಇದ್ದರೆ, ನಿಲ್ಲಿಸಿ ಯೋಚಿಸಬೇಕು. ಎಷ್ಟೋ ಸಲ ದಾರಿ ಸರಿಯೇ ಇರುತ್ತದೆ, ಆದರೆ ಪ್ಯಾನೆಲ್ ಹೊರಟ ಏರ್‌ಪೋರ್ಟ್‌ನಿಂದಲೇ ಶುರುಮಾಡಲು ನೋಡುತ್ತಿರುತ್ತದೆ. ಆಗ ಬೇಕಾದ ತುಂಡನ್ನು ನೀವೇ ಆರಿಸಿ ಜಾರಿ ಮಾಡಬೇಕು. ಪರದೆಯಲ್ಲಿ ಮೆಜೆಂಟಾ ಬಣ್ಣದ ಗೆರೆ ಇರುವುದು ಈಗ ಹಿಡಿದಿರುವ ತುಂಡಿನ ಮೇಲೆ. ಅದು ಎಲ್ಲಿದೆ ಅಂತ ಕಣ್ಣಿಟ್ಟು ನೋಡಿ.

ಇದಕ್ಕೆಲ್ಲ ಒಂದು ನಿಮಿಷವೂ ಬೇಡ.

ಆಟೋಪೈಲಟ್ ದಾರಿ ಹಿಡಿದಿರುವಾಗಲೇ ಹೊಸ ಪ್ಲಾನ್ ಒಪ್ಪಿದರೆ?

ನ್ಯಾವ್ ಮೋಡ್‌ನಲ್ಲಿದ್ದರೆ, ಅಂದರೆ ಆಟೋಪೈಲಟ್ ಪ್ಯಾನೆಲ್‌ನ ಗೆರೆಯನ್ನು ಹಿಂಬಾಲಿಸುತ್ತಿದ್ದರೆ, ಒಪ್ಪಿದ ಕ್ಷಣವೇ ವಿಮಾನ ಹೊಸ ಗೆರೆಯ ಕಡೆ ತಿರುಗಲು ಶುರು ಮಾಡಬಹುದು. ಪಕ್ಕದಲ್ಲಿ ಕೂತವರು ಗಾಬರಿಯಾಗುವುದು ಹಾಗಿರಲಿ, ಆ ಕಡೆ ಬೆಟ್ಟವೋ ಬೇರೆ ಏರ್‌ಸ್ಪೇಸೋ ಇರಬಹುದು. ಅದಕ್ಕೇ ಹೆಡಿಂಗ್ ಬಗ್ (ಹಿಡಿಯಬೇಕಾದ ದಿಕ್ಕಿನ ಗುರುತು) ಅನ್ನು ಈಗಿನ ದಿಕ್ಕಿಗೆ ತಂದು, ಹೆಡಿಂಗ್ ಮೋಡ್ ಹಾಕಿ, ಆಮೇಲೆ ಒಪ್ಪಿ. ಗೆರೆ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಮತ್ತೆ ನ್ಯಾವ್. ಎರಡು ಬಟನ್‌ನ ಕೆಲಸ, ದಯವಿಟ್ಟು ಬಿಡಬೇಡಿ.

ಇನ್‌ಸ್ಟ್ರುಮೆಂಟ್ ಅಪ್ರೋಚ್ ಕೂಡ ಟ್ಯಾಬ್ಲೆಟ್‌ನಿಂದ ಹೋಗುತ್ತಾ?

ಇನ್‌ಸ್ಟ್ರುಮೆಂಟ್ ಅಪ್ರೋಚ್ ಅಂದರೆ ಹೊರಗೆ ಸರಿಯಾಗಿ ಕಾಣದಿದ್ದಾಗ ಉಪಕರಣ ನೋಡಿಕೊಂಡು ರನ್‌ವೇಗೆ ಇಳಿದು ಬರುವ ನಿಗದಿತ ದಾರಿ. ಅದು ಟ್ಯಾಬ್ಲೆಟ್‌ನಿಂದ ಹೋಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಯಾವ ಆ್ಯಪ್, ಯಾವ ಪ್ಯಾನೆಲ್, ಯಾವ ಸಾಫ್ಟ್‌ವೇರ್ ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಕೆಲವು ಸಲ ಏರ್‌ವೇ (ನಿಗದಿತ ಆಕಾಶಮಾರ್ಗ) ಅಥವಾ ಪ್ರೊಸೀಜರ್ (ಏರಲು, ಇಳಿಯಲು ನಿಗದಿಯಾದ ಕ್ರಮ) ಬರೀ ಚುಕ್ಕೆಗಳ ಸಾಲಾಗಿ ಬರುತ್ತದೆ, ಎತ್ತರದ ಮಿತಿಗಳು ಜೊತೆಗೆ ಬರುವುದಿಲ್ಲ. ಅಪ್ರೋಚನ್ನು ಪ್ಯಾನೆಲ್‌ನ ಡೇಟಾಬೇಸ್‌ನಿಂದ, ಪ್ಯಾನೆಲ್‌ನ ಪ್ರೊಸೀಜರ್ ಬಟನ್ ಒತ್ತಿಯೇ ಹಾಕಿಕೊಳ್ಳಿ.

ಇನ್ನೊಂದು ಬಲೆ ಇದೆ. ನೀವು ಆಗಲೇ ಅಪ್ರೋಚ್ ಹಾಕಿಟ್ಟಿದ್ದೀರಿ ಅಂದುಕೊಳ್ಳಿ. ಆಮೇಲೆ ಟ್ಯಾಬ್ಲೆಟ್‌ನಿಂದ ಹೊಸ ದಾರಿ ಕಳಿಸಿ ಒಪ್ಪಿದರೆ ಹಳೆಯ ಪ್ಲಾನ್ ಪೂರ್ತಿ ಹೋಗಿ ಹೊಸದು ಕೂರುತ್ತದೆ. ಹಾಕಿದ್ದ ಅಪ್ರೋಚೂ ಹೋಗಿರುತ್ತದೆ. ಇಳಿಯುವ ಹತ್ತಿರ ಬಂದ ಮೇಲೆ ಟ್ಯಾಬ್ಲೆಟ್‌ನಿಂದ ಏನನ್ನೂ ಕಳಿಸುವುದಿಲ್ಲ ಅನ್ನುವ ನಿಯಮವನ್ನು ನಾನು ಹಾಕಿಕೊಂಡಿದ್ದೇನೆ.

ಎರಡರ ಡೇಟಾಬೇಸ್ ಬೇರೆ ಬೇರೆ ತಾರೀಖಿನದಾಗಿದ್ದರೆ?

ನ್ಯಾವಿಗೇಷನ್ ಡೇಟಾ 28 ದಿನಕ್ಕೊಮ್ಮೆ ಬದಲಾಗುತ್ತದೆ. ಟ್ಯಾಬ್ಲೆಟ್ ಮನೆಯ ವೈ-ಫೈನಲ್ಲಿ ತಾನೇ ಹೊಸದಾಗಿರುತ್ತದೆ. ವಿಮಾನದ್ದು ಮಾಲೀಕರು ಯಾವಾಗ ಮಾಡುತ್ತಾರೋ ಆವಾಗ. ಹೊಸದಾಗಿ ಬಂದ ಅಥವಾ ಹೆಸರು ಬದಲಾದ ವೇಪಾಯಿಂಟ್ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಳಿಸಿದ ದಾರಿಯಲ್ಲಿ ಆ ತುಂಡು ತೊಂದರೆ ಕೊಡುತ್ತದೆ. ಇಂಜಿನ್ ಶುರುಮಾಡುವ ಮೊದಲು ಪ್ಯಾನೆಲ್ ಆನ್ ಆದಾಗ ಬರುವ ಪುಟದಲ್ಲಿ ತಾರೀಖು ಇರುತ್ತದೆ. ಎಂಟರ್ ಒತ್ತಿ ದಾಟುವ ಮೊದಲು ಓದಿ. ಫ್ಲೈಟ್ ಸ್ಟ್ರೀಮ್ 510 ಇದ್ದರೆ ಗಾರ್ಮಿನ್ ಪೈಲಟ್ ಆ್ಯಪ್‌ನಿಂದಲೇ ಪ್ಯಾನೆಲ್‌ಗೆ ಹೊಸ ಡೇಟಾಬೇಸ್ ವೈ-ಫೈ ಮೂಲಕ ಹಾಕಬಹುದು. ಸ್ವಂತ ವಿಮಾನ ಇರುವವರಿಗೆ ಇದು ದೊಡ್ಡ ಅನುಕೂಲ.

ಟ್ಯಾಬ್ಲೆಟ್‌ನಲ್ಲಿ ದಾರಿ ಬದಲಿಸಿದರೆ ಎಟಿಸಿಗೆ (ಏರ್ ಟ್ರಾಫಿಕ್ ಕಂಟ್ರೋಲ್‌ಗೆ) ತಾನಾಗಿ ತಿಳಿಯುತ್ತಾ?

ಇಲ್ಲ. ಗೆರೆ ಬದಲಾಗಿರುವುದು ನಿಮ್ಮ ಕಾಕ್‌ಪಿಟ್‌ನಲ್ಲಿ ಮಾತ್ರ. ಐಎಫ್‌ಆರ್‌ನಲ್ಲಿದ್ದರೆ, ಅಂದರೆ ಉಪಕರಣ ನೋಡಿ ಹಾರುವ ನಿಯಮದಲ್ಲಿದ್ದರೆ, ಮೊದಲು ರೇಡಿಯೊದಲ್ಲಿ ಕೇಳಿ, ಹೊಸ ಕ್ಲಿಯರೆನ್ಸ್ (ಎಟಿಸಿ ಅನುಮತಿ) ಸಿಕ್ಕಿದ ಮೇಲೆ ಪ್ಯಾನೆಲ್‌ನಲ್ಲಿ ಒಪ್ಪಿ. ದಾರಿಯನ್ನು ಟ್ಯಾಬ್ಲೆಟ್‌ನಲ್ಲಿ ಸಿದ್ಧ ಮಾಡಿಟ್ಟುಕೊಂಡಿರುವುದು ಒಳ್ಳೆಯದು, ಕೇಳುವಾಗ ಹೆಸರುಗಳು ಕಣ್ಣೆದುರಿಗೇ ಇರುತ್ತವೆ. ವಿಎಫ್‌ಆರ್ ಪ್ಲಾನ್ ಫೈಲ್ ಮಾಡಿದ್ದರೆ ಅದನ್ನೂ ಬೇರೆಯಾಗಿಯೇ ಬದಲಿಸಬೇಕು, ಇಳಿದ ಮೇಲೆ ಕ್ಲೋಸ್ ಮಾಡಬೇಕು. ಮರೆತರೆ ನಿಮ್ಮನ್ನು ಹುಡುಕಲು ಶುರುಮಾಡುತ್ತಾರೆ.

ಟ್ಯಾಬ್ಲೆಟ್‌ನ ಹವಾಮಾನ ನೋಡಿ ಮಳೆಯ ನಡುವೆ ದಾರಿ ಹುಡುಕಬಹುದಾ?

ಬೇಡ. ದೂರದಿಂದ ಸುತ್ತಿಕೊಂಡು ಹೋಗಲು ಬಳಸಿ, ನಡುವೆ ನುಸುಳಲು ಬಳಸಬೇಡಿ.

ಅಮೆರಿಕದಲ್ಲಿ ನೆಲದ ಮೇಲಿನ ಕೇಂದ್ರಗಳು 978 ಮೆಗಾಹರ್ಟ್ಸ್‌ನಲ್ಲಿ ಹವಾಮಾನವನ್ನು ಬಿಟ್ಟಿಯಾಗಿ ಪ್ರಸಾರ ಮಾಡುತ್ತವೆ. ಎಫ್‌ಐಎಸ್-ಬಿ ಅಂತ ಅದರ ಹೆಸರು. ಅದರಲ್ಲಿ ಬರುವ ರೇಡಾರ್ ಚಿತ್ರ ಒಂದೇ ರೇಡಾರ್‌ನದಲ್ಲ. ತುಂಬಾ ರೇಡಾರ್‌ಗಳು ಬೇರೆ ಬೇರೆ ಹೊತ್ತಿನಲ್ಲಿ ಕಂಡದ್ದನ್ನು ಸೇರಿಸಿ ಹೊಲಿದ ಚಿತ್ರ. ಪರದೆಯಲ್ಲಿ '3 ನಿಮಿಷ ಹಳೆಯದು' ಅಂತ ಇದ್ದರೆ ಅದು ಹೊಲಿದು ಮುಗಿಸಿದ ಹೊತ್ತು, ಮಳೆಯನ್ನು ಕಂಡ ಹೊತ್ತಲ್ಲ. ಅಮೆರಿಕದ ವಿಮಾನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಕೆಟ್ಟ ಸಂದರ್ಭದಲ್ಲಿ ನಿಜವಾದ ವಯಸ್ಸು ತೋರಿಸಿದ್ದಕ್ಕಿಂತ 15ರಿಂದ 20 ನಿಮಿಷ ಜಾಸ್ತಿ ಇರಬಹುದು ಅಂತ ಹೇಳಿತು. ಗುಡುಗು ಮೋಡ 40 ನಾಟ್ ವೇಗದಲ್ಲಿ ಸಾಗುತ್ತಿದ್ದರೆ 20 ನಿಮಿಷದಲ್ಲಿ 13 ನಾಟಿಕಲ್ ಮೈಲಿ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಖಾಲಿ ಕಂಡ ಜಾಗದಲ್ಲಿ ಈಗ ಅದೇ ಇರಬಹುದು, ಅಲ್ವಾ?

ಈ ಪ್ರಸಾರ ಕೇಂದ್ರಕ್ಕೂ ವಿಮಾನಕ್ಕೂ ಮಧ್ಯೆ ಅಡ್ಡ ಇಲ್ಲದಿದ್ದರೆ ಮಾತ್ರ ಸಿಗುತ್ತದೆ. ಬೆಟ್ಟಗಳ ನಡುವಿನ ಏರ್‌ಪೋರ್ಟ್‌ನಲ್ಲಿ ನಿಂತಾಗ ಏನೂ ಬರದೆ ಇರಬಹುದು. ಅದಕ್ಕೆ ಮನೆಯಲ್ಲೇ ಫೋರ್‌ಫ್ಲೈಟ್‌ನ ಪ್ಯಾಕ್ ಬಟನ್ ಒತ್ತಿ ಚಾರ್ಟ್, ಹವಾಮಾನ, ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಎಲ್ಲ ಇಳಿಸಿಕೊಂಡು ಹೊರಡಿ. ಆಕಾಶದಲ್ಲಿ ಇಂಟರ್ನೆಟ್ ಇಲ್ಲ ಅಂದುಕೊಂಡೇ ತಯಾರಾಗಿ.

ಟ್ಯಾಬ್ಲೆಟ್ ಹೇಳುವ ಸಮಯ ಒಂದು, ಪ್ಯಾನೆಲ್ ಹೇಳುವುದು ಇನ್ನೊಂದು. ಯಾವುದು ಸರಿ?

ಹೊರಡುವ ಮೊದಲು ಟ್ಯಾಬ್ಲೆಟ್ ಲೆಕ್ಕ ಹಾಕಿದ್ದು ಗಾಳಿಯ ಮುನ್ಸೂಚನೆಯ ಮೇಲೆ. ಪ್ಯಾನೆಲ್ ಲೆಕ್ಕ ಹಾಕುವುದು ಈ ಕ್ಷಣದ ವೇಗದ ಮೇಲೆ. ವ್ಯತ್ಯಾಸ ಇದೆ ಅಂದರೆ ಗಾಳಿ ಅಂದುಕೊಂಡ ಹಾಗಿಲ್ಲ ಅಂತ. ಎದುರುಗಾಳಿ ಜಾಸ್ತಿಯಾಗಿದ್ದರೆ ಫ್ಯೂಯೆಲ್ ಲೆಕ್ಕ ಮತ್ತೆ ಮಾಡಿ. ಇಲ್ಲಿನ ನಿಯಮದಲ್ಲಿ ವಿಎಫ್‌ಆರ್‌ಗೆ ಹಗಲು 30 ನಿಮಿಷ, ರಾತ್ರಿ 45 ನಿಮಿಷದ್ದು ಕೈಯಲ್ಲಿ ಉಳಿಯಬೇಕು. ನಾನು ಯಾವಾಗಲೂ ಒಂದು ಗಂಟೆ ಉಳಿಸಿಕೊಳ್ಳುತ್ತೇನೆ.

ಟ್ಯಾಬ್ಲೆಟ್, ಪ್ಯಾನೆಲ್ ಎರಡೂ ಒಂದೇ ಜಾಗ ತೋರಿಸುತ್ತಿದ್ದರೆ ಸಾಕಲ್ವಾ?

ಸಾಕಾಗುವುದಿಲ್ಲ. ಜೋಡಿಸಿದ ಮೇಲೆ ಟ್ಯಾಬ್ಲೆಟ್ ಸಾಮಾನ್ಯವಾಗಿ ಪ್ಯಾನೆಲ್‌ನ ಜಿಪಿಎಸ್ಸನ್ನೇ ಬಳಸುತ್ತದೆ. ಒಂದೇ ಬಾವಿಯ ನೀರನ್ನು ಎರಡು ಬಿಂದಿಗೆಯಲ್ಲಿ ತುಂಬಿದ ಹಾಗೆ, ಎರಡೂ ಒಂದೇ ರುಚಿ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಚೈನಾ ಲೇಕ್ ಕಡೆ ಸೈನ್ಯದ ಜಿಪಿಎಸ್ ಪರೀಕ್ಷೆ ನಡೆಯುವಾಗ ನೋಟಾಮ್ ಬರುತ್ತದೆ. ಅಂಥ ದಿನ ಜಿಪಿಎಸ್ ನೆಚ್ಚುವ ಹಾಗಿಲ್ಲ, ಬೇರೆಯದರಿಂದ ತಾಳೆ ನೋಡಬೇಕು. ವಿಒಆರ್ (ದಿಕ್ಕು ತಿಳಿಸುವ ನೆಲದ ರೇಡಿಯೊ ಕೇಂದ್ರ) ಒಂದನ್ನು ಟ್ಯೂನ್ ಮಾಡಿ, ಕೆಳಗೆ ಕಾಣುವ ಕೆರೆ, ಹೆದ್ದಾರಿ ನೋಡಿ. ಟ್ಯಾಬ್ಲೆಟ್‌ನಲ್ಲಿ ಕಾಣುವ ವಿಮಾನದ ಓರೆ, ಏರಿಳಿತದ ಚಿತ್ರವೂ ಅಷ್ಟೇ. ಪ್ಯಾನೆಲ್ ಕೆಟ್ಟಾಗ ಒಂದು ಆಸರೆ, ಅಷ್ಟಕ್ಕೆ ಮಾತ್ರ.

ಟ್ಯಾಬ್ಲೆಟ್ ಬಿಸಿಯಾಗಿ ಆಫ್ ಆಗುತ್ತದಂತೆ, ನಿಜವಾ?

ನಿಜ, ನನಗೇ ಆಗಿದೆ. ಐಪ್ಯಾಡ್ ಬಳಸಬೇಕಾದ ಬಿಸಿ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ಜುಲೈನಲ್ಲಿ ಫ್ರೆಸ್ನೊ ಕಡೆಯ ಬಯಲಿನಲ್ಲಿ ಹೊರಗೇ 38, 40 ಇರುತ್ತದೆ. ಅಂಥ ಒಂದು ಮಧ್ಯಾಹ್ನ ಟ್ಯಾಬ್ಲೆಟನ್ನು ಮುಂದಿನ ಗಾಜಿನ ಕೆಳಗೆ ಬಿಸಿಲಿಗೆ ಇಟ್ಟಿದ್ದೆ. ಟ್ಯಾಕ್ಸಿ ಮಾಡುವಾಗ ಪರದೆ ಮಂಕಾಯಿತು. ಮೇಲೆ ಹೋಗಿ ಹತ್ತು ನಿಮಿಷಕ್ಕೆ ಕಪ್ಪಾಗಿ, ತಣ್ಣಗಾಗುವವರೆಗೆ ಕಾಯಿರಿ ಅನ್ನುವ ಚಿತ್ರ ಬಂತು. ಪ್ಯಾನೆಲ್‌ಗೆ ದಾರಿ ಆಗಲೇ ಕಳಿಸಿದ್ದರಿಂದ ಹಾರಾಟಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ತೊಡೆಯ ಮೇಲಿನ ಪಟ್ಟಿಗೆ ಕಟ್ಟಿಕೊಳ್ಳುತ್ತೇನೆ, ದಪ್ಪ ಕವರ್ ತೆಗೆದಿಡುತ್ತೇನೆ, ತಣ್ಣನೆ ಗಾಳಿಯ ಕಿಂಡಿ ಅದರ ಕಡೆ ತಿರುಗಿಸುತ್ತೇನೆ. ನೇರ ಬಿಸಿಲಲ್ಲಿ ಚಾರ್ಜ್ ಮಾಡುವುದಿಲ್ಲ.

ಅಂದಹಾಗೆ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಪರದೆಯನ್ನು ಒಂದು ಕೋನಕ್ಕೆ ತಿರುಗಿಸಿದಾಗ ಪೂರ್ತಿ ಕಪ್ಪಾಗಿ ಕಾಣಬಹುದು. ಟ್ಯಾಬ್ಲೆಟ್ ಕೆಟ್ಟಿತು ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಸಾಮಾನ್ಯ ಕಪ್ಪು ಕನ್ನಡಕ ಕೊಳ್ಳಿ.

ಏರ್‌ಪ್ಲೇನ್ ಮೋಡ್ ಹಾಕಬೇಕಾ?

ಹೌದು. ಹಾರುವ ವಿಮಾನದಿಂದ ಮೊಬೈಲ್ ನೆಟ್‌ವರ್ಕ್ ಬಳಸುವುದನ್ನು ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮ ತಡೆಯುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ಆಮೇಲೆ ಬ್ಲೂಟೂತ್, ವೈ-ಫೈ ಮತ್ತೆ ಆನ್ ಮಾಡಿ.

ಕಾಗದದ ಚಾರ್ಟ್ ಬಿಟ್ಟುಬಿಡಬಹುದಾ?

ಸಣ್ಣ ಖಾಸಗಿ ವಿಮಾನಕ್ಕೆ ಕಾಗದವೇ ಇರಬೇಕು ಅಂತ ಇಲ್ಲ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಸುತ್ತೋಲೆ 91-78 ಇದಕ್ಕೆ ದಾರಿ ಮಾಡಿಕೊಟ್ಟಿದೆ. ಮಾಹಿತಿ ಹೊಸದಾಗಿರಬೇಕು, ಜವಾಬ್ದಾರಿ ಪೈಲಟ್‌ನದು. ಆದರೆ ಎರಡನೇ ಸಾಧನವೊಂದು ಇರಲೇಬೇಕು ಅನ್ನುವುದು ನನ್ನ ಮಾತು. ಫೋನಿನಲ್ಲೂ ಅದೇ ಆ್ಯಪ್ ಹಾಕಿ, ಅದೇ ಚಾರ್ಟ್ ಇಳಿಸಿಕೊಳ್ಳಿ.

ದೊಡ್ಡವರಿಗೂ ಇದು ಬಿಟ್ಟಿಲ್ಲ. ಅಮೆರಿಕನ್ ಏರ್‌ಲೈನ್ಸ್‌ಗೆ 2011ರ ಡಿಸೆಂಬರ್‌ನಲ್ಲಿ ಹಾರಾಟದ ಎಲ್ಲ ಹಂತದಲ್ಲೂ ಐಪ್ಯಾಡ್ ಬಳಸಲು ಎಫ್‌ಎಎ ಒಪ್ಪಿಗೆ ಸಿಕ್ಕಿತು. ಪೈಲಟ್‌ಗಳು ಹೊರುತ್ತಿದ್ದ ಸುಮಾರು 16 ಕಿಲೋದ ಕಾಗದದ ಚೀಲ ಹೋಯಿತು. 2015ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆಯ ಹತ್ತಾರು ವಿಮಾನಗಳು ತಡವಾದವು. ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟ್‌ನ ಒಂದು ಚಾರ್ಟ್ ಎರಡು ಸಲ ಸೇರಿಕೊಂಡು ಆ್ಯಪ್ ನಿಂತುಹೋಗಿತ್ತು.

ಏರ್‌ಲೈನ್ ವಿಮಾನಗಳಲ್ಲೂ ಟ್ಯಾಬ್ಲೆಟ್‌ನಿಂದ ದಾರಿ ಕಳಿಸುತ್ತಾರಾ?

ಬೆಂಗಳೂರಿನ ಗೆಳೆಯರು ಜಾಸ್ತಿ ಕೇಳುವುದು ಇದನ್ನೇ. ದೊಡ್ಡ ವಿಮಾನಗಳಲ್ಲಿ ಎಐಡಿ (ಏರ್‌ಕ್ರಾಫ್ಟ್ ಇಂಟರ್‌ಫೇಸ್ ಡಿವೈಸ್) ಅಂತ ಒಂದು ಪೆಟ್ಟಿಗೆ ವಿಮಾನಕ್ಕೂ ಟ್ಯಾಬ್ಲೆಟ್‌ಗೂ ಮಧ್ಯೆ ಕೂತಿರುತ್ತದೆ. ಅರಿಂಕ್ 429 ಬಸ್‌ನಲ್ಲಿ, ಅಂದರೆ ವಿಮಾನದೊಳಗಿನ ಡೇಟಾ ತಂತಿಗಳಲ್ಲಿ, ಓಡಾಡುವ ಮಾಹಿತಿಯನ್ನು ಅದು ಟ್ಯಾಬ್ಲೆಟ್‌ಗೆ ಕೊಡುತ್ತದೆ. ಅರಿಂಕ್ 834 ಅನ್ನುವ ಸ್ಟ್ಯಾಂಡರ್ಡ್ ಇದಕ್ಕೇ ಇದೆ. ಹೆಚ್ಚಿನ ಕಡೆ ಇದು ಒನ್-ವೇ ರಸ್ತೆ: ವಿಮಾನದಿಂದ ಟ್ಯಾಬ್ಲೆಟ್‌ಗೆ ಮಾತ್ರ. ಹೊಸ ದಾರಿ ಬೇಕಾದರೆ ಹಾರಾಟ ಯೋಜಿಸುವ ಕಂಪನಿಯ ಡಿಸ್ಪ್ಯಾಚ್ ವಿಭಾಗದಿಂದ ಡೇಟಾಲಿಂಕ್ (ರೇಡಿಯೊ ಮೂಲಕದ ಡೇಟಾ ಸಂಪರ್ಕ) ಮೂಲಕ ನೇರ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್‌ಗೆ ಬರಬಹುದು, ಅಲ್ಲಿಯೂ ಪೈಲಟ್ ನೋಡಿ ಒಪ್ಪಬೇಕು. ನೂರಾರು ಜನ ಕೂತ ವಿಮಾನದ ಕಂಪ್ಯೂಟರ್‌ಗೆ ಹೊರಗಿನ ಸಾಧನವೊಂದು ಬರೆಯುವುದನ್ನು ಒಪ್ಪಿಸುವುದು ಸುಲಭವಲ್ಲ, ಸುಲಭ ಆಗಲೂಬಾರದು ಅನ್ನುವುದು ನನ್ನ ಅಭಿಪ್ರಾಯ.

ಭಾರತದಲ್ಲಿ ಇದೆಲ್ಲ ಎಷ್ಟು ಉಪಯೋಗಕ್ಕೆ ಬರುತ್ತದೆ?

ಜೋಡಿಸುವುದು, ಕಳಿಸುವುದು, ಒಪ್ಪುವುದು ಎಲ್ಲ ಅದೇ. ಆದರೆ ಎಫ್‌ಐಎಸ್-ಬಿ ಪ್ರಸಾರ ಅಲ್ಲಿಲ್ಲ, ಹಾಗಾಗಿ ಹಾರುವಾಗ ಬಿಟ್ಟಿ ಹವಾಮಾನ ಪರದೆಗೆ ಬರುತ್ತದೆ ಅಂತ ಕಾಯಬೇಡಿ. ಜಿಪಿಎಸ್ ನಿಖರತೆಗೆ ಅಮೆರಿಕದಲ್ಲಿ ವಾಸ್ ಅನ್ನುವ ವ್ಯವಸ್ಥೆ ಇರುವ ಹಾಗೆ ಅಲ್ಲಿ ಇಸ್ರೊ ಮತ್ತು ಏರ್‌ಪೋರ್ಟ್ಸ್ ಅಥಾರಿಟಿ ಸೇರಿ ಮಾಡಿದ ಗಗನ್ ಇದೆ. ಚಾರ್ಟ್‌ಗಳು ಅಥಾರಿಟಿಯ ಎಐಪಿ ಅನ್ನುವ ಅಧಿಕೃತ ಮಾಹಿತಿ ಪ್ರಕಟಣೆಯಿಂದ.

ದೊಡ್ಡ ವ್ಯತ್ಯಾಸ ಇರುವುದು ಸ್ವಾತಂತ್ರ್ಯದಲ್ಲಿ. ಇಲ್ಲಿ ನಾನು ಗಿಲ್ರಾಯ್ ಮೇಲೆ ಮನಸ್ಸು ಬದಲಿಸಿ ಹಾಲಿಸ್ಟರ್‌ಗೆ ಹೋದೆ. ಅಲ್ಲಿ ಹೊರಡುವ ಮೊದಲೇ ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್, ಎಫ್‌ಐಸಿ (ಫ್ಲೈಟ್ ಇನ್‌ಫರ್ಮೇಷನ್ ಸೆಂಟರ್) ನಂಬರ್ ಪಡೆದಿರಬೇಕು, ದಾರಿ ಅದರ ಪ್ರಕಾರ. ಜಕ್ಕೂರಿನ ಒಂದು ಕಡೆ ಯಲಹಂಕದ ವಾಯುಪಡೆ, ಇನ್ನೊಂದು ಕಡೆ ಎಚ್‌ಎಎಲ್, ಉತ್ತರಕ್ಕೆ ಕೆಂಪೇಗೌಡ ಏರ್‌ಪೋರ್ಟ್. ಸುಮ್ನೆ ಬೆರಳಿನಿಂದ ಗೆರೆ ಎಳೆದು ಹೋಗುವ ಜಾಗವಲ್ಲ. ಅಲ್ಲಿ ಟ್ಯಾಬ್ಲೆಟ್‌ನ ನಿಜವಾದ ಲಾಭ ಎಂದರೆ ಗಡಿಗಳು ಎಲ್ಲಿವೆ, ನಾನು ಎಷ್ಟು ಹತ್ತಿರ ಬಂದಿದ್ದೇನೆ ಅಂತ ಕಣ್ಣಿಗೆ ಕಾಣುವುದು. ನಿಮ್ಮ ಶಾಲೆ ಟ್ಯಾಬ್ಲೆಟ್‌ಗೆ ಒಪ್ಪಿಗೆ ಕೊಟ್ಟಿದೆಯೇ ಅಂತ ಮೊದಲು ಕೇಳಿ.

ಪಕ್ಕದಲ್ಲಿ ಕೂತವರಿಗೆ ಟ್ಯಾಬ್ಲೆಟ್ ಕೊಡಬಹುದಾ?

ಕೊಡಿ. ಚಾರ್ಟ್ ಹುಡುಕಲು, ಹೆಸರು ಓದಲು, ಹತ್ತಿರದ ವಿಮಾನ ತೋರಿಸಲು ಅವರು ತುಂಬಾ ಸಹಾಯ ಮಾಡುತ್ತಾರೆ. ಕಳಿಸುವ ಬಟನ್ ಮಾತ್ರ 'ನಾನು ಹೇಳಿದ ಮೇಲೆ' ಅಂತ ಮೊದಲೇ ಹೇಳಿ.

ಅಭ್ಯಾಸ ಎಲ್ಲಿ ಮಾಡುವುದು?

ಆಕಾಶದಲ್ಲಿ ಅಲ್ಲ, ಇಂಜಿನ್ ಓಡಿಸಿಕೊಂಡು ಗಂಟೆಗೆ ಬಾಡಿಗೆ ಕೊಡುತ್ತಲೂ ಅಲ್ಲ. ಗಾರ್ಮಿನ್ ಕಂಪನಿಯದೇ ಟ್ರೈನರ್ ಸಾಫ್ಟ್‌ವೇರ್‌ಗಳಿವೆ, ನಾಬ್ ತಿರುಗಿಸುವುದರಿಂದ ಹಿಡಿದು ಎಲ್ಲ ಮನೆಯಲ್ಲೇ ಕಲಿಯಬಹುದು. ಆಮೇಲೆ ಕ್ಲಬ್ಬಿನವರನ್ನು ಕೇಳಿ ಹ್ಯಾಂಗರ್‌ನಲ್ಲಿ ನಿಂತ ವಿಮಾನಕ್ಕೆ ಹೊರಗಿನ ಕರೆಂಟ್ ಕೊಡಿಸಿಕೊಳ್ಳಿ. ಬ್ಯಾಟರಿ ಖಾಲಿ ಮಾಡಬೇಡಿ. ಅರ್ಧ ಗಂಟೆ ಕೂತು ಹತ್ತು ಸಲ ಕಳಿಸಿ, ಹತ್ತು ಸಲ ಒಪ್ಪಿ. ಅದರಲ್ಲಿ ಎರಡು ಮೂರು ಸಲ ಬೇಕೆಂದೇ ತಪ್ಪು ವೇಪಾಯಿಂಟ್ ಸೇರಿಸಿ ಕಳಿಸಲು ಗೆಳೆಯರಿಗೆ ಹೇಳಿ, ಎಲ್ಲಿದೆ ಅಂತ ನೀವು ಪ್ಯಾನೆಲ್ ನೋಡಿ ಹಿಡಿಯಬೇಕು. ನಾನು ಮೊದಲ ಸಲ ಮಾಡಿದಾಗ ಮೂರರಲ್ಲಿ ಒಂದನ್ನು ಬಿಟ್ಟಿದ್ದೆ. ಅದಕ್ಕೇ ಈಗ ಹೆಸರುಗಳನ್ನು ಬಾಯಿಬಿಟ್ಟು ಓದುತ್ತೇನೆ.